ಸ್ಕೂಲ್ ಗೇಟಿನ ಪೊಲೀಸಪ್ಪನ ಸಂಬಳ ಯಾರ ಟ್ಯಾಕ್ಸಿಂದ? ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿರೋ ನಮ್ಮ ಓದುಗರಿಂದ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಸ್ಕೂಲಿಗೆ ಅಂತ ಕಟ್ಟೋ ಲೋಕಲ್ ಟ್ಯಾಕ್ಸ್ ದುಡ್ಡಲ್ಲಿ ಸೆಕ್ಯುರಿಟಿಯವರನ್ನ ಇಟ್ಕೋಬಹುದಾ, ಇಟ್ಕೊಂಡ್ರೆ ನಮ್ಮ ತಲೆ ಮೇಲೆ ಎಷ್ಟು ಬೀಳುತ್ತೆ, ಅದರಿಂದ ಮಕ್ಕಳಿಗೆ ಉಪಯೋಗ ಇದ್ಯಾ ಅಂತ. ಹಾಗಾಗಿ ವೀಸಾ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ತಗೊಂಡಿದೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ, ಟೆಕ್ಸಾಸ್ ಉತ್ತರ ಓದ್ಕೊಂಡು ಫ್ಲೋರಿಡಾದಲ್ಲಿ ಕೂತು ಕ್ಯಾಲ್ಕುಲೇಟರ್ ಒತ್ಬೇಡಿ.

ಪ್ರಶ್ನೆ: ಸರ್, ಡಲ್ಲಾಸ್ ಉತ್ತರಕ್ಕೆ ಮನೆ ತಗೊಂಡಿದೀವಿ, ಬೆಲೆ ಸುಮಾರು 5 ಲಕ್ಷ ಡಾಲರ್. ಈಗ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನವರು (ಊರಿನ ಸರ್ಕಾರಿ ಸ್ಕೂಲುಗಳನ್ನ ನಡೆಸೋ ಲೋಕಲ್ ಸಂಸ್ಥೆ) ಟ್ಯಾಕ್ಸ್ ರೇಟ್ 3 ಸೆಂಟ್ ಏರಿಸ್ತೀವಿ ಅಂತಿದಾರೆ, ಮನೆಗೆ ಬಂದ ಫ್ಲೈಯರಲ್ಲಿ ಪೊಲೀಸ್ ಆಫೀಸರ್ ಫೋಟೋ ಹಾಕಿದಾರೆ. ಸ್ಕೂಲಲ್ಲಿ ಗನ್ ಇರೋರು ಇರ್ಲೇಬೇಕು ಅಂತ ಕಾನೂನು ಮಾಡಿದ್ದು ರಾಜ್ಯ, ದುಡ್ಡು ನಾವ್ಯಾಕೆ ಕೊಡ್ಬೇಕು?

ಉತ್ತರ: ನಿಮ್ಮ ಸಿಟ್ಟಲ್ಲಿ ನ್ಯಾಯ ಇದೆ. 2022ರ ಮೇ 24ಕ್ಕೆ ಟೆಕ್ಸಾಸಿನ ಯುವಾಲ್ಡೆ ಊರಿನ ಸ್ಕೂಲಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, 2 ಟೀಚರ್‌ಗಳು ಸತ್ತ ಮೇಲೆ ಟೆಕ್ಸಾಸ್ ಅಸೆಂಬ್ಲಿ 2023ರಲ್ಲಿ ಹೌಸ್ ಬಿಲ್ 3 ಅಂತ ಪಾಸ್ ಮಾಡ್ತು. ಪ್ರತಿಯೊಂದು ಕ್ಯಾಂಪಸ್‌ನಲ್ಲೂ ಸ್ಕೂಲ್ ನಡೆಯೋ ಹೊತ್ತಲ್ಲಿ ಕನಿಷ್ಠ ಒಬ್ಬ ಆಯುಧ ಇರೋ ಸೆಕ್ಯುರಿಟಿ ಆಫೀಸರ್ ಇರ್ಲೇಬೇಕು, ಇದು ಕಾನೂನು. ಹೈಸ್ಕೂಲುಗಳಲ್ಲಿ ಮೊದಲಿಂದಲೂ ಹೆಚ್ಚಾಗಿ ಯಾರಾದ್ರೂ ಇರ್ತಿದ್ರು, ಹೊರೆ ಬಿದ್ದಿದ್ದು ಎಲಿಮೆಂಟರಿ ಸ್ಕೂಲುಗಳ ಮೇಲೆ, ಅವು ಸಂಖ್ಯೆಯಲ್ಲೂ ಜಾಸ್ತಿ.

ದುಡ್ಡು ಎಷ್ಟು ಕೊಟ್ರು ಅಂತ ಕೇಳಿದ್ರೆ ನಗು ಬರುತ್ತೆ. ಮೊದಲು ಸೇಫ್ಟಿಗೆ ಅಂತ ಒಬ್ಬ ವಿದ್ಯಾರ್ಥಿಗೆ 9 ಡಾಲರ್ 72 ಸೆಂಟ್ ಕೊಡ್ತಿದ್ರು, ಅದನ್ನ 10 ಡಾಲರ್ ಮಾಡಿದ್ರು, ಅಂದ್ರೆ ಏರಿಸಿದ್ದು 28 ಸೆಂಟ್. ಜೊತೆಗೆ ಕ್ಯಾಂಪಸ್‌ಗೆ ವರ್ಷಕ್ಕೆ 15,000 ಡಾಲರ್. 600 ಮಕ್ಕಳಿರೋ ಒಂದು ಎಲಿಮೆಂಟರಿ ಸ್ಕೂಲ್ ಇದ್ರೆ 6,000 ಪ್ಲಸ್ 15,000, ಒಟ್ಟು 21,000. ಆ ದುಡ್ಡಿಗೆ ನಿಮ್ಮ ಕಡೆ ಪೂರ್ತಿ ವರ್ಷಕ್ಕೆ ಪೊಲೀಸ್ ಆಫೀಸರ್ ಸಿಗೋದಿರ್ಲಿ, ಅರ್ಧ ವರ್ಷಕ್ಕೂ ಸಿಗಲ್ಲ. 2025ರಲ್ಲಿ ಸೆನೆಟ್ ಬಿಲ್ 260 ಬಂದು ಇದನ್ನ ವಿದ್ಯಾರ್ಥಿಗೆ 20 ಡಾಲರ್, ಕ್ಯಾಂಪಸ್‌ಗೆ 33,540 ಡಾಲರ್ ಅಂತ ಮಾಡಿದ್ರು, ಈಗ ಅದೇ ಸ್ಕೂಲಿಗೆ 45,540 ಸಿಗುತ್ತೆ. ಮೊದಲಿಗಿಂತ ಡಬಲ್‌ಗಿಂತ ಜಾಸ್ತಿ, ಒಪ್ಪಣ. ಆದ್ರೂ ಡಲ್ಲಾಸ್ ಸುತ್ತಮುತ್ತ ಆಫೀಸರ್‌ಗಳ ಶುರುವಿನ ಸಂಬಳವೇ ಇದನ್ನ ದಾಟುತ್ತೆ, ಇನ್ನು ಹೆಲ್ತ್ ಇನ್ಶೂರೆನ್ಸ್, ಪೆನ್ಷನ್, ಗಾಡಿ, ರೇಡಿಯೋ, ಟ್ರೈನಿಂಗ್, ಅವನು ರಜೆ ಹಾಕಿದ ದಿನಕ್ಕೆ ಇನ್ನೊಬ್ಬ, ಇದೆಲ್ಲ ಬೇರೆ. ಆ ಗ್ಯಾಪ್ ತುಂಬೋದು ಡಿಸ್ಟ್ರಿಕ್ಟ್‌ನ ಜನರಲ್ ಫಂಡ್, ಅಂದ್ರೆ ಟೀಚರ್ ಸಂಬಳ ಬರೋ ಅದೇ ಡಬ್ಬಿ.

ಈಗ ನಿಮ್ಮ ಲೆಕ್ಕ. ಟೆಕ್ಸಾಸಲ್ಲಿ ರೇಟ್ ಹೇಳೋದು 100 ಡಾಲರ್ ಬೆಲೆಗೆ ಇಷ್ಟು ಅಂತ. ನೀವು ವಾಸ ಇರೋ ಮನೆ, ಹೋಮ್‌ಸ್ಟೆಡ್ ಅರ್ಜಿ ಹಾಕಿದ್ರೆ (ಹಾಕಿಲ್ಲ ಅಂದ್ರೆ ಈ ಪತ್ರಿಕೆ ಮಡಚಿಟ್ಟು ಮೊದಲು ಅದನ್ನ ಹಾಕಿ) ಸ್ಕೂಲ್ ಟ್ಯಾಕ್ಸಿಗೆ 1,40,000 ಡಾಲರ್ ಮಾಫಿ, ಇದು 2025ರ ನವೆಂಬರಲ್ಲಿ ಜನ ವೋಟ್ ಹಾಕಿ ಏರಿಸಿದ್ದು. ಉಳಿದ 3,60,000ಕ್ಕೆ 3 ಸೆಂಟ್ ಅಂದ್ರೆ ವರ್ಷಕ್ಕೆ 108 ಡಾಲರ್, ತಿಂಗಳಿಗೆ 9. ಇನ್ನೊಂದು ಮನೆ ಬಾಡಿಗೆಗೆ ಕೊಟ್ಟಿದ್ರೆ ಅದಕ್ಕೆ ಈ ಮಾಫಿ ಇಲ್ಲ, ಅದೇ 5 ಲಕ್ಷದ ಮನೆಗೆ 150. ಬಹಳಷ್ಟು ಜನಕ್ಕೆ ಇದು ಎಸ್ಕ್ರೋದಲ್ಲಿ (ಮನೆ ಸಾಲದ ಕಂತಿನ ಜೊತೆಗೇ ಟ್ಯಾಕ್ಸ್ ದುಡ್ಡು ತುಂಬೋ ಖಾತೆ) ಹೋಗೋದ್ರಿಂದ ಕಣ್ಣಿಗೇ ಬೀಳಲ್ಲ, ವರ್ಷದ ಕೊನೆಗೆ ಮಾರ್ಟ್‌ಗೇಜ್ ಕಂಪನಿಯವರು ಶಾರ್ಟೇಜ್ ಅಂತ ಲೆಟರ್ ಕಳಿಸಿದಾಗ ಎದ್ದು ಕೂರ್ತಾರೆ.

108 ಡಾಲರ್ ಜಾಸ್ತಿನಾ ಕಮ್ಮಿನಾ ಅನ್ನೋದು ಬೇರೆ ಮಾತು, ನಾನು ನಿಮ್ಮ ಜಾಗದಲ್ಲಿದ್ರೆ ಬೇರೆ ಒಂದು ಪ್ರಶ್ನೆ ಕೇಳ್ತಿದ್ದೆ. ಈ 3 ಸೆಂಟ್ ಗೋಲ್ಡನ್ ಪೆನ್ನಿನಾ ಕಾಪರ್ ಪೆನ್ನಿನಾ? ತಮಾಷೆ ಅಲ್ಲ, ಟೆಕ್ಸಾಸ್ ಸ್ಕೂಲ್ ಬೋರ್ಡಿನವರು ನಿಜವಾಗ್ಲೂ ಹೀಗೇ ಮಾತಾಡೋದು. ಬೇಸಿಕ್ ರೇಟಿನ ಮೇಲೆ ಹಾಕೋ ಮೊದಲ 8 ಸೆಂಟ್ ಗೋಲ್ಡನ್, ಅದರ ಮೇಲಿನ 9 ಸೆಂಟ್ ಕಾಪರ್. ಗೋಲ್ಡನ್ ದುಡ್ಡು ಪೂರ್ತಿ ಊರಲ್ಲೇ ಉಳ್ಯುತ್ತೆ. ಕಾಪರ್ ಹಾಗಲ್ಲ, ನಿಮ್ಮದು ಆಸ್ತಿ ಬೆಲೆ ಜಾಸ್ತಿ ಇರೋ ಡಿಸ್ಟ್ರಿಕ್ಟ್ ಆಗಿದ್ರೆ ಅದರಲ್ಲಿ ಒಂದು ಪಾಲನ್ನ ರೀಕ್ಯಾಪ್ಚರ್ ಅಂತ ರಾಜ್ಯ ವಾಪಸ್ ತಗೊಳುತ್ತೆ, ಜನ ರಾಬಿನ್‌ಹುಡ್ ಅಂತ ಕರೆಯೋದು ಇದನ್ನೇ. ಹಾಗಾಗಿ ನೀವು ಪೊಲೀಸಪ್ಪನಿಗೆ ಅಂತ ಕೊಟ್ಟ 108ರಲ್ಲಿ ಎಷ್ಟು ಗೇಟಿನ ತನಕ ತಲುಪುತ್ತೆ ಅನ್ನೋದನ್ನ ಬೋರ್ಡಿನವರು ಹೇಳ್ಬೇಕು, ಅವರ ಹತ್ರ ಆ ನಂಬರ್ ಇರುತ್ತೆ, ಕೇಳಿದ್ರೆ ಕೊಡ್ತಾರೆ, ಕೇಳದೆ ಕೊಡೋರು ಕಮ್ಮಿ.

ಜೊತೆಗೆ ಇನ್ನೊಂದು, ನಿಮ್ಮಲ್ಲಿ ಸಿಟಿ ಪೊಲೀಸರನ್ನೇ ಒಪ್ಪಂದದ ಮೇಲೆ ಸ್ಕೂಲಿಗೆ ಹಾಕಿದಾರಾ, ಇಲ್ಲ ಡಿಸ್ಟ್ರಿಕ್ಟಿಗೇ ಸ್ವಂತ ಪೊಲೀಸ್ ಡಿಪಾರ್ಟ್‌ಮೆಂಟ್ ಇದ್ಯಾ ನೋಡಿ. ಒಪ್ಪಂದ ಆಗಿದ್ರೆ ಸಿಟಿ ಎಷ್ಟು ಪಾಲು ಹಾಕುತ್ತೆ, ಬೇಸಿಗೆ ರಜೆಯಲ್ಲಿ ಆಫೀಸರ್ ಸಿಟಿ ಕೆಲಸ ಮಾಡುವಾಗ ಸಂಬಳ ಯಾರ ತಲೆ ಮೇಲೆ ಅನ್ನೋದು ಆ ಅಗ್ರಿಮೆಂಟಲ್ಲಿ ಇರುತ್ತೆ. ಸಿಟಿ ಟ್ಯಾಕ್ಸೂ ನಿಮ್ಮದೇ, ಸ್ಕೂಲ್ ಟ್ಯಾಕ್ಸೂ ನಿಮ್ಮದೇ ಅಲ್ವಾ.

ಪ್ರಶ್ನೆ: ನಮ್ಮ ಡಿಸ್ಟ್ರಿಕ್ಟಲ್ಲೂ (ಟೆಕ್ಸಾಸೇ) ಹೋದ ಸಲ ಸೇಫ್ಟಿಗೆ ಅಂತ ದೊಡ್ಡ ಬಾಂಡ್ ಪಾಸ್ ಮಾಡಿದ್ವಿ. ಈಗ ಮತ್ತೆ ಸೇಫ್ಟಿ ಅಂತ ಬಂದಿದಾರೆ. ಆ ದುಡ್ಡೆಲ್ಲ ಎಲ್ಲಿ ಹೋಯ್ತು?

ಉತ್ತರ: ಎಲ್ಲೂ ಹೋಗಿಲ್ಲ, ಅದು ಬೇರೆ ಡಬ್ಬಿ. ಬಾಂಡ್ ಅಂದ್ರೆ ಸಾಲ. ಆ ಸಾಲ ತೀರಿಸೋಕೆ ಇರೋ ಟ್ಯಾಕ್ಸಿಗೆ ಐ ಅಂಡ್ ಎಸ್ ಅಂತಾರೆ, ಅದರಲ್ಲಿ ಬಿಲ್ಡಿಂಗ್, ಬಾಗಿಲು, ಬೀಗ, ಬೇಲಿ, ಕ್ಯಾಮೆರಾ, ಕ್ಲಾಸ್‌ರೂಮಿನ ಪ್ಯಾನಿಕ್ ಬಟನ್ ಇಂಥವಕ್ಕೆ ಖರ್ಚು ಮಾಡಬಹುದು, ಸಂಬಳ ಕೊಡೋ ಹಾಗಿಲ್ಲ. ಸಂಬಳಕ್ಕೆ ಎಂ ಅಂಡ್ ಓ ಅನ್ನೋ ಇನ್ನೊಂದು ರೇಟ್. ಕ್ಯಾಮೆರಾ ಹಾಕಿಸಿದ್ರಿ, ಆ ಕ್ಯಾಮೆರಾ ಸ್ಕ್ರೀನ್ ನೋಡ್ತಾ ಕೂರೋ ಮನುಷ್ಯನಿಗೆ ದುಡ್ಡು ಬೇರೆ ಕಡೆಯಿಂದ ಬರ್ಬೇಕು. ಬಾಂಡ್ ಸಭೆಗಳಲ್ಲೇ ಇದನ್ನ ಬಿಡಿಸಿ ಹೇಳಿದ್ರೆ ಜನಕ್ಕೆ ಈ ಅನುಮಾನ ಬರ್ತಿರ್ಲಿಲ್ಲ, ಹೇಳಲ್ಲ ಅದೇ ರಗಳೆ.

ಬ್ಯಾಲೆಟ್ ಓದುವಾಗ ಒಂದು ವಿಚಿತ್ರ ಗಮನಿಸಿ. ಬಾಂಡ್ ಬ್ಯಾಲೆಟ್ ಮೇಲೆ ಇದು ಪ್ರಾಪರ್ಟಿ ಟ್ಯಾಕ್ಸ್ ಏರಿಕೆ ಅಂತ ಹಾಕ್ಲೇಬೇಕು ಅಂತ 2019ರಿಂದ ಕಾನೂನಿದೆ. ಎಂ ಅಂಡ್ ಓ ರೇಟ್ ಏರಿಸೋ ಎಲೆಕ್ಷನ್ನಲ್ಲಿ (ವ್ಯಾಟ್ರಿ ಅಂತ ಕರೀತಾರೆ, ವೋಟರ್ ಅಪ್ರೂವಲ್ ಟ್ಯಾಕ್ಸ್ ರೇಟ್ ಎಲೆಕ್ಷನ್) ಬ್ಯಾಲೆಟ್ ಮೇಲೆ ಇರೋದು ಹೊಸ ರೇಟ್ ಎಷ್ಟು, ಹೋದ ವರ್ಷಕ್ಕಿಂತ ಆದಾಯ ಎಷ್ಟು ಪರ್ಸೆಂಟ್ ಜಾಸ್ತಿ, ಎಷ್ಟು ಡಾಲರ್ ಜಾಸ್ತಿ ಅಂತ. ಯಾತಕ್ಕೆ ಅನ್ನೋ ಮಾತೇ ಆ ವಾಕ್ಯದಲ್ಲಿ ಇರಲ್ಲ. ಪೊಲೀಸ್ ಅಂತ ಇಲ್ಲ, ಟೀಚರ್ ಅಂತ ಇಲ್ಲ. ಫ್ಲೈಯರಲ್ಲಿ ಇರೋ ಪೊಲೀಸ್ ಫೋಟೋ ಬ್ಯಾಲೆಟ್ಟಿಗೆ ಬರೋ ಹೊತ್ತಿಗೆ ಮಾಯ. ಒಮ್ಮೆ ಪಾಸಾದ ದುಡ್ಡು ಜನರಲ್ ಫಂಡಿಗೆ ಬಿದ್ಮೇಲೆ ಮುಂದಿನ ವರ್ಷದ ಬೋರ್ಡು ಅದನ್ನ ಬೇರೆಯದಕ್ಕೆ ಹಾಕಿದ್ರೆ ತಡೆಯೋದು ಕಷ್ಟ, ಅವರ ಮಾತಿಗೆ ಬೆಲೆ ಇದ್ಯೋ ಇಲ್ವೋ ಅನ್ನೋದರ ಮೇಲೆ ನಿಂತಿದೆ. ಅದಕ್ಕೇ ಹೇಳೋದು, ಆಫೀಸರ್‌ಗಳಿಗೆ ಇಷ್ಟು, ಉಳಿದಿದ್ದು ಇದಕ್ಕೆ ಅಂತ ಬೋರ್ಡ್ ಒಂದು ರೆಸಲ್ಯೂಶನ್ ಮಾಡಿ ಮಿನಿಟ್ಸ್‌ನಲ್ಲಿ ಹಾಕಿದ್ರೆ ಮಾತ್ರ ಆ ಫ್ಲೈಯರನ್ನ ಸೀರಿಯಸ್ಸಾಗಿ ತಗೊಳಿ.

ಪ್ರಶ್ನೆ: ನಾವಿಲ್ಲಿ ಫ್ಲೋರಿಡಾದಾಗ ಅದೀವ್ರಿ, ಬ್ರೋವರ್ಡ್ ಕೌಂಟಿ. ಇಲ್ಲಿ ನಾಕು ವರ್ಷಕ್ಕೊಮ್ಮಿ ಮಿಲ್ ಮಿಲ್ ಅಂತ ವೋಟ್ ಕೇಳ್ತಾರ. ಏನಿದು ಮಿಲ್ಲು, ಹಿಟ್ಟಿನ ಗಿರಣಿ ಏನ್ರಿ? ಅದರಾಗ ಸೆಕ್ಯುರಿಟಿಗೆ ಎಷ್ಟು?

ಉತ್ತರ: ಗಿರಣಿ ಅಲ್ರೀ, ಆದ್ರ ಬೀಸೋದು ನಮ್ಮನ್ನ! ಒಂದು ಮಿಲ್ ಅಂದ್ರೆ ಟ್ಯಾಕ್ಸ್ ಹಾಕೋ ಬೆಲೆಯಲ್ಲಿ ಪ್ರತಿ 1,000 ಡಾಲರಿಗೆ 1 ಡಾಲರ್. ಫ್ಲೋರಿಡಾ ಹೋಮ್‌ಸ್ಟೆಡ್ ಮಾಫಿಯಲ್ಲಿ ಮೊದಲ 25,000 ಮಾತ್ರ ಸ್ಕೂಲ್ ಟ್ಯಾಕ್ಸಿಗೆ ಲೆಕ್ಕ, ಎರಡನೇ ಭಾಗ ಸ್ಕೂಲಿಗೆ ನಡೆಯಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮನೆಯ ಅಸೆಸ್ಡ್ ಬೆಲೆ 4 ಲಕ್ಷ ಇದ್ರೆ 3,75,000ಕ್ಕೆ 1 ಮಿಲ್, ವರ್ಷಕ್ಕೆ 375 ಡಾಲರ್.

ಇದರ ಹಿಂದಿನ ಕಥೆ ನಿಮ್ಮ ಕೌಂಟಿಯದ್ದೇ. 2018ರ ಫೆಬ್ರುವರಿ 14ಕ್ಕೆ ಪಾರ್ಕ್‌ಲ್ಯಾಂಡ್ ಹೈಸ್ಕೂಲಲ್ಲಿ ಗುಂಡಿನ ದಾಳಿಗೆ 17 ಜನ ಸತ್ರು, ಒಂದು ತಿಂಗಳೊಳಗೆ, ಮಾರ್ಚ್ 9ಕ್ಕೆ, ಗವರ್ನರ್ ರಿಕ್ ಸ್ಕಾಟ್ ಹೊಸ ಕಾನೂನಿಗೆ ಸಹಿ ಹಾಕಿದ್ರು, ಪ್ರತಿ ಸ್ಕೂಲಿಗೂ ಒಬ್ಬ ಸೇಫ್ ಸ್ಕೂಲ್ ಆಫೀಸರ್ ಕಡ್ಡಾಯ. ರಾಜ್ಯ ದುಡ್ಡು ಕೊಡ್ತು, ಸಾಕಾಗ್ಲಿಲ್ಲ, ಕೌಂಟಿಗಳು ಅದೇ ವರ್ಷ ಜನರ ಹತ್ರ ಹೋದ್ವು. ಬ್ರೋವರ್ಡ್ ಅರ್ಧ ಮಿಲ್, ಮಯಾಮಿ ಡೇಡ್ ಮುಕ್ಕಾಲು ಮಿಲ್, ಪಾಮ್ ಬೀಚ್ ಒಂದು ಮಿಲ್ ಕೇಳ್ತು. ಮೂರೂ ಕಡೆ ಜನ ಒಪ್ಪಿದ್ರು, 2022ರಲ್ಲಿ ಮತ್ತೆ ಕೇಳಿದಾಗ ಬ್ರೋವರ್ಡೂ ಮಯಾಮಿ ಡೇಡೂ ಒಂದು ಮಿಲ್ಲಿಗೆ ಏರಿದ್ವು, ಆಗಲೂ ಒಪ್ಪಿದ್ರು. ಎಲ್ಲಾ ಕಡೆ ಟೀಚರ್ ಸಂಬಳ ಮತ್ತೆ ಸೇಫ್ಟಿ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿದ್ದು ಗಮನಿಸಿ, ಬರೀ ಸೆಕ್ಯುರಿಟಿಗೆ ಅಂತ ಕೇಳಿದ್ರೆ ಒಬ್ಬರು ಬೇಡ ಅಂತಾರೆ, ಬರೀ ಟೀಚರಿಗೆ ಅಂದ್ರೆ ಇನ್ನೊಬ್ಬರು ಬೇಡ ಅಂತಾರೆ, ಎರಡೂ ಸೇರಿಸಿದ್ರೆ ಬೇಡ ಅನ್ನೋಕೆ ಎಲ್ಲರಿಗೂ ಮುಜುಗರ.

ನನಗೆ ಫ್ಲೋರಿಡಾ ಪದ್ಧತಿ ಟೆಕ್ಸಾಸಿಗಿಂತ ಇಷ್ಟ. ಯಾತಕ್ಕೆ ಅಂತ ಬ್ಯಾಲೆಟ್ ಮೇಲೇ ಬರೆದಿರುತ್ತೆ, 4 ವರ್ಷ ಆದ್ಮೇಲೆ ತಾನಾಗೇ ಮುಗಿದುಹೋಗುತ್ತೆ, ಮತ್ತೆ ಬೇಕಂದ್ರೆ ಮತ್ತೆ ಕೈ ಮುಗಿದು ಬರ್ಬೇಕು. ಟೆಕ್ಸಾಸಲ್ಲಿ ಒಮ್ಮೆ ಒಪ್ಪಿದ ಸೆಂಟು ಸುಮ್ನೆ ಹೋಗಲ್ಲ. ಆದ್ರೆ ಇದರದ್ದೂ ತಲೆನೋವಿದೆ, ನಾಳೆ ಜನ ಬೇಡ ಅಂದ್ರೆ ಸೆಕ್ಯುರಿಟಿ ಕಡ್ಡಾಯ ಅನ್ನೋ ಕಾನೂನು ಹಾಗೇ ಇರುತ್ತೆ, ದುಡ್ಡು ಮಾತ್ರ ಇರಲ್ಲ, ಆಗ ಕತ್ತರಿ ಬೀಳೋದು ಮ್ಯೂಸಿಕ್ಕು, ಆರ್ಟು, ಲೈಬ್ರರಿ ಇಂಥದಕ್ಕೆ. ನಿಮ್ಮ 2022ರ ಮಿಲ್ 2027ರ ಜೂನ್ ತನಕ ಅಷ್ಟೇ. ಈಗಿನ ಕಾನೂನಿನ ಪ್ರಕಾರ ಇಂಥ ವೋಟಿಂಗ್ ನವೆಂಬರ್ ಜನರಲ್ ಎಲೆಕ್ಷನ್ನಲ್ಲೇ ಆಗ್ಬೇಕು, ಮೊದಲಿನ ಹಾಗೆ ಆಗಸ್ಟಲ್ಲಿ ಯಾರೂ ಬರದೇ ಇರೋ ಹೊತ್ತಲ್ಲಿ ಮುಗಿಸೋಕಾಗಲ್ಲ. ಇದು ಒಳ್ಳೇದೇ ಆಯ್ತು ಅನ್ಸುತ್ತೆ ನನಗೆ.

ಪ್ರಶ್ನೆ: ಇಲಿನಾಯ್‌ನಲ್ಲಿ ಬಾಡಿಗೆ ಮನೆಯಲ್ಲಿದೀನಿ. ನಮ್ಮ ಕೌಂಟಿಯಲ್ಲಿ ಸೇಲ್ಸ್ ಟ್ಯಾಕ್ಸ್ 1 ಪರ್ಸೆಂಟ್ ಸ್ಕೂಲಿಗೆ ಅಂತಾರೆ, ಅದರಲ್ಲಿ ಪೊಲೀಸರಿಗೂ ಕೊಡಬಹುದಾ?

ಉತ್ತರ: ಕೊಡಬಹುದು, ಆದ್ರೆ ಜನ ಒಪ್ಪಿದ್ರೆ. ಈ ಕೌಂಟಿ ಸೇಲ್ಸ್ ಟ್ಯಾಕ್ಸ್ ಶುರುವಾದಾಗ ಬರೀ ಸ್ಕೂಲ್ ಕಟ್ಟಡಗಳಿಗೆ ಇತ್ತು. 2019ರಲ್ಲಿ ಕಾನೂನು ಬದಲಾಯಿಸಿ ಸ್ಕೂಲ್ ರಿಸೋರ್ಸ್ ಆಫೀಸರ್‌ಗಳು (ಸ್ಕೂಲಿಗೇ ಅಂತ ಹಾಕಿರೋ ಪೊಲೀಸರು) ಮತ್ತೆ ಮೆಂಟಲ್ ಹೆಲ್ತ್ ಸಿಬ್ಬಂದಿ, ಈ ಎರಡಕ್ಕೂ ಬಳಸಬಹುದು ಅಂತ ಮಾಡಿದ್ರು. ಕಟ್ಟಡಕ್ಕೆ ಅಂತ ಮೊದಲೇ ಒಪ್ಪಿಸ್ಕೊಂಡಿದ್ದ ಕೌಂಟಿಗಳು ಈ ಹೊಸ ಬಳಕೆಗೆ ಮತ್ತೆ ಬ್ಯಾಲೆಟ್ಟಿಗೆ ಹೋಗಿದ್ದುಂಟು. ಕಾಲು ಪರ್ಸೆಂಟಿಂದ ಒಂದು ಪರ್ಸೆಂಟ್ ತನಕ ಹಾಕಬಹುದು. ದಿನಸಿ, ಔಷಧಿ, ಕಾರು ಇವಕ್ಕೆ ಇದು ಬೀಳಲ್ಲ, ಹಾಗಾಗಿ ಬಾಡಿಗೆಯವರಿಗೆ ಅಷ್ಟೇನೂ ಭಾರ ಇಲ್ಲ, ಹೆದ್ದಾರಿ ಪಕ್ಕ ನಿಲ್ಲಿಸಿ ಶಾಪಿಂಗ್ ಮಾಡೋ ಹೊರಗಿನೋರೂ ನಿಮ್ಮ ಸ್ಕೂಲಿಗೆ ಒಂದಿಷ್ಟು ಕೊಟ್ಟು ಹೋಗ್ತಾರೆ. ತೊಂದರೆ ಏನಂದ್ರೆ ವ್ಯಾಪಾರ ಬಿದ್ದ ವರ್ಷ ಈ ಆದಾಯವೂ ಬೀಳುತ್ತೆ, ಸಂಬಳ ಬೀಳಲ್ಲ.

ಪ್ರಶ್ನೆ: ದುಡ್ಡಿನ ಮಾತು ಬಿಡಿ ಸರ್. ನಮ್ಮ ವಾಟ್ಸಾಪ್ ಗ್ರೂಪಲ್ಲಿ ದಿನಾ ಜಗಳ, ಗನ್ ಹಿಡ್ಕೊಂಡು ಒಬ್ಬರು ನಿಂತಿದ್ರೆ ಮಕ್ಕಳು ನಿಜವಾಗ್ಲೂ ಸೇಫಾ? ನನ್ನ ಮಗಳು ಮೂರನೇ ಕ್ಲಾಸು.

ಉತ್ತರ: ಮೇಡಂ, ತಾಯಿಯಾಗಿ ನೀವು ಕೇಳ್ತಿರೋದು ಅರ್ಥ ಆಗುತ್ತೆ, ಆದ್ರೆ ಸಮಾಧಾನಕ್ಕೆ ಅಂತ ಸುಳ್ಳು ಹೇಳಕ್ಕಾಗಲ್ಲ. ಪಾರ್ಕ್‌ಲ್ಯಾಂಡಲ್ಲಿ ಆಯುಧ ಇದ್ದ ಡೆಪ್ಯುಟಿ (ಕೌಂಟಿ ಪೊಲೀಸ್) ಸ್ಕೂಲಲ್ಲೇ ಇದ್ರು, ಬಿಲ್ಡಿಂಗ್ ಒಳಗೆ ಹೋಗ್ಲಿಲ್ಲ. ಯುವಾಲ್ಡೆ ಡಿಸ್ಟ್ರಿಕ್ಟಿಗೆ ಸ್ವಂತ ಪೊಲೀಸ್ ಡಿಪಾರ್ಟ್‌ಮೆಂಟೇ ಇತ್ತು, ಬೇರೆ ಬೇರೆ ಇಲಾಖೆಯಿಂದ 376 ಜನ ಬಂದು ಸೇರಿದ್ರು, ಆದ್ರೂ ಆ ಕ್ಲಾಸ್‌ರೂಮಿನ ಒಳಗೆ ನುಗ್ಗೋಕೆ 77 ನಿಮಿಷ ಹಿಡೀತು. 2021ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಅನ್ನೋ ಮೆಡಿಕಲ್ ಜರ್ನಲ್ಲಲ್ಲಿ ಒಂದು ಅಧ್ಯಯನ ಬಂತು, 1980ರಿಂದ 2019ರ ತನಕದ 133 ಶೂಟಿಂಗ್ ಮತ್ತು ಶೂಟಿಂಗ್ ಯತ್ನಗಳನ್ನ ನೋಡಿದ್ರು, ಆಯುಧ ಇದ್ದ ಗಾರ್ಡ್ ಇದ್ದ ಕಡೆ ಸಾವಿನ ಪ್ರಮಾಣ 2.83 ಪಟ್ಟು ಜಾಸ್ತಿ ಇತ್ತು ಅಂತ. ಇದನ್ನ ನಿಮ್ಮ ಗ್ರೂಪಿಗೆ ಫಾರ್ವರ್ಡ್ ಮಾಡೋ ಮುಂಚೆ ತಡೀರಿ, ಗಾರ್ಡ್ ಇದ್ದಿದ್ದಕ್ಕೇ ಸಾವು ಜಾಸ್ತಿ ಆಯ್ತು ಅಂತ ಇದರ ಅರ್ಥ ಅಲ್ಲ, ರಿಸ್ಕ್ ಜಾಸ್ತಿ ಇರೋ ದೊಡ್ಡ ಸ್ಕೂಲುಗಳಲ್ಲೇ ಗಾರ್ಡ್ ಇಡ್ತಾರೆ ಅನ್ನೋದೂ ಇರಬಹುದು. ಅದನ್ನೆಲ್ಲ ಲೆಕ್ಕಕ್ಕೆ ತಗೊಳೋಕೆ ಅವರು ಪ್ರಯತ್ನ ಪಟ್ಟಿದಾರೆ, ಪೂರ್ತಿ ಆಗೋ ಕೆಲಸ ಅಲ್ಲ ಅದು.

ಹಾಗಂತ ಆಫೀಸರ್ ಇದ್ದೂ ಉಪಯೋಗ ಇಲ್ಲ ಅಂತ ನಾನು ಹೇಳ್ತಿಲ್ಲ. ಹೈಸ್ಕೂಲ್ ಹೊಡೆದಾಟ ನಿಲ್ಲಿಸೋದು, ಕಸ್ಟಡಿ ಜಗಳದಲ್ಲಿ ಕೂಗಾಡ್ತಾ ಬರೋ ಅಪ್ಪನನ್ನ ಆಚೆ ನಿಲ್ಲಿಸೋದು, ಯಾವುದೋ ಹುಡುಗ ಏನೋ ಪೋಸ್ಟ್ ಹಾಕಿದಾನೆ ಅಂತ ಇನ್ನೊಬ್ಬ ಬಂದು ಕಿವಿಯಲ್ಲಿ ಹೇಳೋಷ್ಟು ನಂಬಿಕೆ ಗಳಿಸೋದು, ಒಳ್ಳೆ ಆಫೀಸರ್ ಇದನ್ನ ಮಾಡ್ತಾರೆ. ಇನ್ನೊಂದು ಕಡೆ, ಪೊಲೀಸರು ಬಂದ ಸ್ಕೂಲುಗಳಲ್ಲಿ ಸಸ್ಪೆನ್ಷನ್ನು, ಅರೆಸ್ಟು ಜಾಸ್ತಿ ಆಗುತ್ತೆ, ಅದರ ಏಟು ಕಪ್ಪು ಮಕ್ಕಳಿಗೆ ಜಾಸ್ತಿ ಬೀಳುತ್ತೆ ಅಂತ ಸಂಶೋಧನೆಗಳು ತೋರಿಸಿವೆ, ಇದನ್ನ ನಮ್ಮವರ ಗ್ರೂಪುಗಳಲ್ಲಿ ಯಾರೂ ಎತ್ತಲ್ಲ ಅನ್ನೋದು ನನಗೆ ಬೇಜಾರು. ಏನೋ ಮಾಡ್ತೀನಿ ಅಂತ ಮೊದಲೇ ಸುಳಿವು ಕೊಡೋ ಹುಡುಗರನ್ನ ಗುರುತಿಸೋದು ಸ್ಕೂಲ್ ಕೌನ್ಸೆಲರ್ ಕೆಲಸ, ಅಮೆರಿಕದ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಬೇಕು ಅಂತ ಹೇಳುತ್ತೆ, ನಿಮ್ಮ ಸ್ಕೂಲಲ್ಲಿ ಎಷ್ಟಕ್ಕೆ ಒಬ್ಬರಿದಾರೆ ಅಂತ ವಿಚಾರಿಸಿ. ಆಫೀಸರಿಗೆ ದುಡ್ಡು ಕೇಳೋ ಬೋರ್ಡು ಕೌನ್ಸೆಲರಿಗೂ ಅದೇ ಪ್ಯಾಕೇಜಲ್ಲಿ ಇಟ್ಟಿದ್ರೆ ನಾನು ಹೂಂ ಅಂತೀನಿ, ಕೌನ್ಸೆಲರ್ ಪೋಸ್ಟ್ ತೆಗೆದು ಆಫೀಸರ್ ಹಾಕ್ತೀವಿ ಅಂದ್ರೆ ನನ್ನ ಉತ್ತರ ಊಹೂಂ.

ಪ್ರಶ್ನೆ: ಪೊಲೀಸ್ ದುಬಾರಿ ಅಂತ ಟೀಚರ್ ಕೈಗೇ ಗನ್ ಕೊಡ್ತಾರಂತೆ ಹೌದಾ?

ಉತ್ತರ: ಕೆಲವು ಕಡೆ ಹೌದು. ಟೆಕ್ಸಾಸಲ್ಲಿ ದುಡ್ಡಿಲ್ಲ, ಇಲ್ಲ ಜನ ಸಿಗ್ತಿಲ್ಲ ಅಂತ ಬೋರ್ಡ್ ತೀರ್ಮಾನ ಮಾಡಿ ಬೇರೆ ವ್ಯವಸ್ಥೆಗೆ ಹೋಗೋಕೆ ಅದೇ ಕಾನೂನಲ್ಲಿ ದಾರಿ ಇದೆ, ಆಗ 80 ಗಂಟೆ ಟ್ರೈನಿಂಗ್ ಆದ ಸ್ಕೂಲ್ ಮಾರ್ಷಲ್, ಇಲ್ಲಾ ಗಾರ್ಡಿಯನ್ ಅಂತ ಸಿಬ್ಬಂದಿಯನ್ನೇ ನೇಮಿಸಬಹುದು. ಫ್ಲೋರಿಡಾ ಗಾರ್ಡಿಯನ್‌ಗೆ 144 ಗಂಟೆ. ಖರ್ಚು ಕಮ್ಮಿ ನಿಜ. ನನಗೆ ವೈಯಕ್ತಿಕವಾಗಿ ಸರಿ ಕಾಣಲ್ಲ, ಗಣಿತ ಹೇಳ್ಕೊಡೋರು ಗಣಿತ ಹೇಳ್ಕೊಡ್ಲಿ.

ಪ್ರಶ್ನೆ: ಎಚ್-1ಬಿ ಮೇಲಿದೀನಿ, ಟ್ಯಾಕ್ಸ್ ಕಟ್ತೀನಿ, ವೋಟ್ ಇಲ್ಲ. ನಾನು ಸುಮ್ನೆ ನೋಡ್ತಾ ಕೂರೋದಾ?

ಉತ್ತರ: ವೋಟ್ ಇಲ್ಲ, ಬಾಯಿ ಇದೆ. ಸ್ಕೂಲ್ ಬೋರ್ಡ್ ಮೀಟಿಂಗಲ್ಲಿ ಮಾತಾಡೋಕೆ ಸಿಟಿಜನ್ ಆಗಿರ್ಬೇಕಿಲ್ಲ. ಟೆಕ್ಸಾಸಲ್ಲಂತೂ 2019ರ ಕಾನೂನಿನ ಪ್ರಕಾರ ಅಜೆಂಡಾದಲ್ಲಿರೋ ವಿಷಯದ ಮೇಲೆ ಬೋರ್ಡ್ ಚರ್ಚೆಗೆ ಮುಂಚೆ ಅಥವಾ ಚರ್ಚೆ ಹೊತ್ತಲ್ಲೇ ಜನರಿಗೆ ಮಾತಾಡೋಕೆ ಬಿಡ್ಲೇಬೇಕು, ಹೆಸರು ಕೊಟ್ಟು ಕೂತ್ರೆ ಆಯ್ತು, ಕೊಡೋದು ಕೆಲವೇ ನಿಮಿಷ, ಬರ್ಕೊಂಡು ಹೋಗಿ. ಎಲೆಕ್ಷನ್ ದಿನಕ್ಕಿಂತ ಬಜೆಟ್ ಹಿಯರಿಂಗ್ ದಿನ ಹೋಗೋದು ಹೆಚ್ಚು ಉಪಯೋಗ, ಅಲ್ಲಿ ಬರೋರು ಬೆರಳೆಣಿಕೆ ಜನ, ಹಾಗಾಗಿ ಬಂದವರ ಮಾತು ಬೋರ್ಡಿನವರ ಕಿವಿಗೆ ಬೀಳುತ್ತೆ. ಪಿಟಿಎ ಇದೆ, ಡಿಸ್ಟ್ರಿಕ್ಟ್ ಸೇಫ್ಟಿ ಕಮಿಟಿಯಲ್ಲಿ ಪೇರೆಂಟ್ಸಿಗೂ ಜಾಗ ಇರುತ್ತೆ, ಅದನ್ನೂ ಕೇಳಿ ನೋಡಿ.

ಒಂದು ಎಚ್ಚರಿಕೆ ಮಾತ್ರ. ಡ್ರೈವಿಂಗ್ ಲೈಸೆನ್ಸ್ ಮಾಡಿಸೋಕೆ ಹೋದಾಗ ವೋಟರ್ ಆಗಿ ರಿಜಿಸ್ಟರ್ ಮಾಡ್ಕೊಳ್ತೀರಾ ಅಂತ ಒಂದು ಪ್ರಶ್ನೆ ಬರುತ್ತೆ, ಕೌಂಟರಲ್ಲಿರೋರು ಅಭ್ಯಾಸಬಲದಿಂದ ಎಲ್ಲರಿಗೂ ಕೇಳ್ತಾರೆ, ಇಲ್ಲ ಅಂತಲೇ ಟಿಕ್ ಮಾಡಿ. ಗ್ರೀನ್‌ಕಾರ್ಡ್ ಇದ್ರೂ ಅಷ್ಟೇ. ಸಿಟಿಜನ್ ಅಲ್ಲದೋರು ಸಿಟಿಜನ್ ಅಂತ ಹೇಳ್ಕೊಂಡು ರಿಜಿಸ್ಟರ್ ಆದ್ರೆ ಗಡೀಪಾರಿನ ತನಕ ಹೋಗಬಹುದು. ಅಕಸ್ಮಾತ್ ಈಗಾಗ್ಲೇ ಹೂಂ ಅಂದಿದ್ರೆ ಯಾರ ಮಾತೂ ಕೇಳದೆ ನೇರ ಒಬ್ಬ ಇಮಿಗ್ರೇಶನ್ ಲಾಯರ್ ಹತ್ರ ಹೋಗಿ, ಆಮೇಲೆ ಬೋರ್ಡ್ ಮೀಟಿಂಗ್.